ಹಿಂದಿನ ಅಚ್ಚು ಕೂಗಿದಾಗ: ಪಿಕಪ್ ಸದ್ದಿನ ಹಿಂದಿರುವ ಇನ್ನೂರು ವರ್ಷ

ನಮ್ಮ ಚಿಕ್ಕಪ್ಪನ ಪಿಕಪ್ ಕೂಗಲು ಶುರುಮಾಡಿದ್ದು ಸರಿಯಾಗಿ ಟೊಮೆಟೊ ಸುಗ್ಗಿಯ ನಡುವೆ. ಶ್ರೀನಿವಾಸಪುರದ ಕಡೆಯ ನಮ್ಮೂರಿಂದ ಕೋಲಾರದ ಎಪಿಎಂಸಿಗೆ ದಿನ ಬಿಟ್ಟು ದಿನ ಲೋಡು. ಗಾಡಿ ನಲವತ್ತರ ಸ್ಪೀಡು ದಾಟಿದ ಕೂಡಲೇ ಹಿಂದಿನಿಂದ 'ಗೊಂಯ್' ಅಂತ ಒಂದು ಸದ್ದು. ಸ್ಪೀಡು ಹೆಚ್ಚಿದಷ್ಟೂ ಸದ್ದೂ ಏರುತ್ತಿತ್ತು.

ಮೊದಲು ಹೋದ ಗ್ಯಾರೇಜಿನವರು ಗಾಡಿಯನ್ನು ಓಡಿಸಿ ನೋಡಲಿಲ್ಲ. ಜ್ಯಾಕ್ ಹಾಕಿ, ಹೌಸಿಂಗ್ ಮೇಲೆ ಕೈಯಿಟ್ಟು, 'ಕ್ರೌನ್ ಪಿನಿಯನ್ ಹೋಗಿದೆ' ಅಂದರು. ಹೊಸ ಸೆಟ್ ಬಂತು. ಆ ಬೆಳೆಯ ಲಾಭವೆಲ್ಲ ಅಲ್ಲೇ ಮುಗಿಯಿತು. ಮೂರನೇ ದಿನ ಲೋಡು ಹಾಕಿಕೊಂಡು ಹೊರಟರೆ ಮತ್ತೆ ಅದೇ 'ಗೊಂಯ್'.

ಒಂದು ವಾರ ಹಾಗೇ ಓಡಿಸಿದರು. ಒಂದು ರಾತ್ರಿ ಕೋಲಾರ ಇನ್ನೂ ದೂರ ಇರುವಾಗಲೇ ಗ್ರೀಸ್ ಸುಟ್ಟ ವಾಸನೆ ಬಂತು. ಇಳಿದು ನೋಡಿದರೆ ಹಿಂದಿನ ಬಲಚಕ್ರದ ಹತ್ತಿರ ಕೈಯಿಡಲಾಗದಷ್ಟು ಬಿಸಿ. ಬೇರೆ ಗಾಡಿ ಹುಡುಕಿ, ಕ್ರೇಟುಗಳನ್ನು ಇಳಿಸಿ, ಮತ್ತೆ ಹತ್ತಿಸಿ ಮಾರುಕಟ್ಟೆ ಮುಟ್ಟುವ ಹೊತ್ತಿಗೆ ಹರಾಜು ಮುಗಿಯುತ್ತಾ ಬಂದಿತ್ತು. ಸಿಕ್ಕ ಬೆಲೆಯನ್ನು ಚಿಕ್ಕಪ್ಪ ಚಿಕ್ಕಮ್ಮನಿಗೂ ಸರಿಯಾಗಿ ಹೇಳಲಿಲ್ಲ.

ಮಾರನೇ ದಿನ ಹುಣಸೆ ಮರದ ಕೆಳಗೆ ಒಂದು ತಗಡಿನ ಶೆಡ್ ಇಟ್ಟುಕೊಂಡಿರುವ ಹಳೇ ಮೇಸ್ತ್ರಿಯ ಹತ್ತಿರ ಹೋದೆವು. ಆತ ಸ್ಪ್ಯಾನರ್ ಮುಟ್ಟಲಿಲ್ಲ. ಬೀಡಿ ಹಚ್ಚಿ, ಚಿಕ್ಕಪ್ಪನನ್ನು ಎದುರಿಗೆ ಕೂರಿಸಿಕೊಂಡು ನಾಲ್ಕೇ ಪ್ರಶ್ನೆ ಕೇಳಿದರು.

'ನಿಧಾನಕ್ಕೆ ಪೂರ್ತಿ ಸ್ಟೇರಿಂಗ್ ತಿರುಗಿಸಿದಾಗ ಮಾತ್ರ ಸೌಂಡ್ ಬತ್ತದಾ?'

'ಗಾಡಿ ಎತ್ತುವಾಗ, ಗೇರ್ ಹಾಕುವಾಗ ಟಕ್ ಅಂತದಾ?'

'ಆಕ್ಸಿಲರೇಟರ್ ಒತ್ತಿದಾಗ ಒಂದು ತರ, ಕಾಲು ತೆಗೆದಾಗ ಇನ್ನೊಂದು ತರ ಕೂಗ್ತದಾ?'

'ಸ್ಪೀಡಲ್ಲಿ ಹೋಗ್ತಾ ಎಡಕ್ಕೋ ಬಲಕ್ಕೋ ಸ್ವಲ್ಪ ವಾಲಿಸಿದ್ರೆ ಹೆಚ್ಚು ಕಮ್ಮಿ ಆಗ್ತದಾ?'

ಆಗ ನನಗೆ ಇವು ಬರೀ ಮಾತು ಅನಿಸಿದ್ದವು. ಆಮೇಲೆ ವರದಿಗಾರನ ಚಟಕ್ಕೆ ಬಿದ್ದು ಅಚ್ಚಿನ ಚರಿತ್ರೆ ಓದುತ್ತಾ ಹೋದಾಗ ಒಂದು ವಿಷಯ ಹೊಳೆಯಿತು. ಹಿಂದಿನ ಅಚ್ಚನ್ನು ಒಬ್ಬನೇ ಕೂತು ಒಂದೇ ದಿನ ಮಾಡಿದ್ದಲ್ಲ. ಒಳಗಿರುವ ಒಂದೊಂದು ಭಾಗವೂ ಒಂದೊಂದು ಕಾಲದಲ್ಲಿ, ಒಂದೊಂದು ತೊಂದರೆ ನೀಗಿಸಲು ಬಂದು ಸೇರಿಕೊಂಡದ್ದು. ಭಾಗ ಕೆಟ್ಟಾಗ ಅದು ತನ್ನ ಕೆಲಸದ ಹೊತ್ತಿಗೇ ಕೂಗುತ್ತದೆ. ಯಾವಾಗ ಕೂಗುತ್ತದೆ ಎಂದು ಗೊತ್ತಾದರೆ, ಯಾವುದು ಕೂಗುತ್ತಿದೆ ಎಂಬುದು ಅರ್ಧ ಗೊತ್ತಾದಂತೆ. ಮೇಸ್ತ್ರಿಯ ನಾಲ್ಕು ಪ್ರಶ್ನೆಗಳ ಹಿಂದೆ ಇನ್ನೂರು ವರ್ಷದ ಕಥೆ ಇದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎತ್ತಿನ ಗಾಡಿಗೆ ಇಲ್ಲದ ತೊಂದರೆ

ಎತ್ತಿನ ಗಾಡಿಯ ಅಚ್ಚು ಗಾಡಿಗೆ ಬಿಗಿದ ಒಂದು ಸುಮ್ಮನಿರುವ ದಿಂಡು. ಚಕ್ರ ಮಾತ್ರ ಅದರ ಮೇಲೆ ತಿರುಗುತ್ತದೆ. ಎಡಚಕ್ರಕ್ಕೂ ಬಲಚಕ್ರಕ್ಕೂ ಸಂಬಂಧವಿಲ್ಲ. ಎಳೆಯುವ ಶಕ್ತಿ ಇರುವುದು ಮುಂದೆ, ಎತ್ತುಗಳಲ್ಲಿ. ಹಾಗಾಗಿ ಅಲ್ಲಿ ಕೇಳುವುದು ಒಂದೇ ಸದ್ದು, ಕೀಲೆಣ್ಣೆ ಒಣಗಿದ ಕಿರ್ರೋ ಸದ್ದು. ಅದಕ್ಕೆ ಮದ್ದೂ ಒಂದೇ.

ಆದರೆ ಎತ್ತುಗಳ ಬದಲು ಗಾಡಿಯ ಚಕ್ರವೇ ನೆಲವನ್ನು ತಳ್ಳಬೇಕಾದರೆ? ಎರಡು ಚಕ್ರಗಳನ್ನೂ ಒಂದೇ ದಿಂಡಿಗೆ ಬಿಗಿದು ತಿರುಗಿಸಿದರೆ ನೇರ ರಸ್ತೆಯಲ್ಲಿ ಸರಿ, ತಿರುವಿನಲ್ಲಿ ಕಷ್ಟ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು. ಎರಡು ಚಕ್ರಗಳ ನಡುವೆ ಐದು ಅಡಿ ಇದೆ ಅಂದುಕೊಳ್ಳಿ. ಬಂದ ದಾರಿಗೇ ಗಾಡಿ ಪೂರ್ತಿ ತಿರುಗುವಷ್ಟರಲ್ಲಿ ಹೊರಚಕ್ರ ಒಳಚಕ್ರಕ್ಕಿಂತ 15 ಅಡಿಗೂ ಹೆಚ್ಚು ಓಡಿರುತ್ತದೆ. ಎರಡನ್ನೂ ಕಟ್ಟಿಹಾಕಿದರೆ ಒಂದು ಚಕ್ರ ನೆಲವನ್ನು ಉಜ್ಜಲೇಬೇಕು, ಇಲ್ಲವೇ ಅಚ್ಚು ಮುರಿಯಬೇಕು.

ಈ ತೊಂದರೆಗೆ ಉತ್ತರ ಕೊಟ್ಟವರು ಪ್ಯಾರಿಸ್ಸಿನ ಒನೆಸಿಫೋರ್ ಪೆಕರ್. ಹಬೆಯಿಂದ ಓಡುವ ಬಂಡಿಗಾಗಿ 1827ರಲ್ಲಿ ಅವರು ಡಿಫರೆನ್ಷಿಯಲ್ ಮಾಡಿದರು. ಇದರಲ್ಲಿ ಅಚ್ಚನ್ನು ನಡುವೆ ಎರಡು ತುಂಡು ಮಾಡಿ, ಆ ಎರಡು ತುದಿಗಳ ನಡುವೆ ಪುಟ್ಟ ಹಲ್ಲುಚಕ್ರಗಳನ್ನು ಇಟ್ಟಿರುತ್ತಾರೆ. ಗ್ಯಾರೇಜಿನಲ್ಲಿ ಇವನ್ನು ಸ್ಟಾರ್ ಗೇರ್ ಅನ್ನುವುದುಂಟು.

ಐವತ್ತು ವರ್ಷದ ನಂತರ, 1877ರಲ್ಲಿ, ಇಂಗ್ಲೆಂಡಿನ ಕೊವೆಂಟ್ರಿಯ ಜೇಮ್ಸ್ ಸ್ಟಾರ್ಲಿ ಇದೇ ಉಪಾಯವನ್ನು ಪೆಡಲ್ ತುಳಿಯುವ ಬಂಡಿಗೆ ತಂದರು. ಹೊಲಿಗೆ ಯಂತ್ರ ಮಾಡುತ್ತಿದ್ದು ಆಮೇಲೆ ಸೈಕಲ್ ಮಾಡಲು ಹೊರಟ ಮನುಷ್ಯ ಆತ. ಅಪ್ಪ ಮಗ ಇಬ್ಬರೂ ಅಕ್ಕಪಕ್ಕ ಕೂತು ತುಳಿಯುವ ಬಂಡಿಯಲ್ಲಿ ಹೋಗುವಾಗ, ಮಗನ ಕಾಲಿನ ಬಲ ಹೆಚ್ಚಾಗಿ ಬಂಡಿ ಒಂದೇ ಕಡೆಗೆ ಎಳೆಯಿತು, ಅಲ್ಲಿಂದ ಈ ಯೋಚನೆ ಬಂತು ಎಂಬ ಕಥೆ ಇದೆ. ಎಂಟು ವರ್ಷದ ಬಳಿಕ ಜರ್ಮನಿಯಲ್ಲಿ ಕಾರ್ಲ್ ಬೆಂಜ್ ಮಾಡಿದ ಮೂರು ಚಕ್ರದ ಮೋಟಾರು ಗಾಡಿಯಲ್ಲೂ ಡಿಫರೆನ್ಷಿಯಲ್ ಇತ್ತು.

ಈಗ ಮೇಸ್ತ್ರಿಯ ಮೊದಲ ಪ್ರಶ್ನೆ ನೆನಪಿಸಿಕೊಳ್ಳಿ. ನೇರ ರಸ್ತೆಯಲ್ಲಿ ಎರಡು ಚಕ್ರವೂ ಒಂದೇ ವೇಗದಲ್ಲಿ ತಿರುಗುತ್ತವೆ. ಆಗ ಸ್ಟಾರ್ ಗೇರುಗಳು ತಮ್ಮ ಪಿನ್ನಿನ ಮೇಲೆ ಸುತ್ತುವುದೇ ಇಲ್ಲ, ಸುಮ್ಮನೆ ಇಡೀ ಗೂಡಿನ ಜೊತೆ ಸಾಗುತ್ತವೆ. ಅವು ಕೆಲಸ ಮಾಡುವುದು ತಿರುವಿನಲ್ಲಿ ಮಾತ್ರ. ಆದ್ದರಿಂದ ಹೊಲದ ಗೇಟಿನಲ್ಲಿ ಪೂರ್ತಿ ತಿರುಗಿಸುವಾಗ ಮಾತ್ರ 'ಕಟಕಟ' ಅಂದು, ನೇರ ಬಂದ ಕೂಡಲೇ ನಿಂತುಹೋದರೆ, ಅನುಮಾನ ಮೊದಲು ಹೋಗಬೇಕಾದದ್ದು ಈ ಪುಟ್ಟ ಗೇರುಗಳ ಮೇಲೆ, ಅವುಗಳ ಪಿನ್ನು ಮತ್ತು ವಾಷರ್‌ಗಳ ಮೇಲೆ.

ಸರಪಳಿ ಹೋಗಿ ಶಾಫ್ಟ್ ಬಂತು

ಮೊದಮೊದಲ ಮೋಟಾರು ಗಾಡಿಗಳಲ್ಲಿ ಎಂಜಿನ್ನಿನ ಶಕ್ತಿ ಚಕ್ರಕ್ಕೆ ಹೋಗುತ್ತಿದ್ದುದು ಸೈಕಲ್ಲಿನಂತೆ ಸರಪಳಿಯಿಂದ. 1888ರಲ್ಲಿ ಕಾರ್ಲ್ ಬೆಂಜ್ ಅವರ ಹೆಂಡತಿ ಬೆರ್ತಾ ಬೆಂಜ್ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮನ್ಹೈಮ್‌ನಿಂದ ಫೋರ್ಜ್‌ಹೈಮ್‌ವರೆಗೆ ಸುಮಾರು 100 ಕಿಲೋಮೀಟರ್ ಗಾಡಿ ಓಡಿಸಿಕೊಂಡು ಹೋದರು. ದಾರಿಯಲ್ಲಿ ಸರಪಳಿ ತೊಂದರೆ ಕೊಟ್ಟಾಗ ಒಬ್ಬ ಕಮ್ಮಾರ ಸರಿಮಾಡಿಕೊಟ್ಟ. ಬ್ರೇಕಿನ ಕಟ್ಟೆ ಸವೆದಾಗ ಚಮ್ಮಾರರ ಕೈಯಲ್ಲಿ ತೊಗಲು ಹೊಡೆಸಿದರು. ರಸ್ತೆಬದಿಯ ರಿಪೇರಿ ಮೋಟಾರಿನಷ್ಟೇ ಹಳೆಯದು.

ಸರಪಳಿ ಧೂಳು ತಿನ್ನುತ್ತದೆ, ಹಿಗ್ಗುತ್ತದೆ, ಗಲಾಟೆ ಮಾಡುತ್ತದೆ. 1898ರ ಕೊನೆಯಲ್ಲಿ ಪ್ಯಾರಿಸ್ಸಿನ ಲೂಯಿ ರೆನೋ ಎಂಬ ಇಪ್ಪತ್ತೊಂದರ ಹುಡುಗ ಸರಪಳಿ ಬಿಟ್ಟು ಶಾಫ್ಟಿನಿಂದ ಹಿಂದಿನ ಅಚ್ಚಿಗೆ ಶಕ್ತಿ ಕೊಡುವ ಗಾಡಿ ಓಡಿಸಿ ತೋರಿಸಿದ. ಮುಂದಿನ ವರ್ಷ ಅದರ ಗೇರು ವ್ಯವಸ್ಥೆಗೆ ಪೇಟೆಂಟ್ ಸಿಕ್ಕಿತು.

ಆದರೆ ಶಾಫ್ಟಿಗೆ ಇನ್ನೊಂದು ತೊಂದರೆ ಇತ್ತು. ಎಂಜಿನ್ ಚಾಸಿಗೆ ಬಿಗಿದಿರುತ್ತದೆ, ಹಿಂದಿನ ಅಚ್ಚು ಪಟ್ಟಿಯ ಮೇಲೆ ಕುಣಿಯುತ್ತದೆ. ಇವೆರಡರ ನಡುವಿನ ಶಾಫ್ಟ್ ತಿರುಗುತ್ತಲೇ ಬಗ್ಗಬೇಕು. ಅಮೆರಿಕದ ಕ್ಲಾರೆನ್ಸ್ ಸ್ಪೈಸರ್ ಕಾಲೇಜಿನಲ್ಲಿ ಓದುತ್ತಿದ್ದಾಗಲೇ ಇದರ ಮೇಲೆ ಕೆಲಸ ಮಾಡಿ, ಮೋಟಾರು ಗಾಡಿಗೆ ಒಗ್ಗುವ ಯೂನಿವರ್ಸಲ್ ಜಾಯಿಂಟ್ ಮಾಡಿದರು. 1904ರಲ್ಲಿ ಅದನ್ನು ತಯಾರಿಸಿ ಮಾರಲು ಶುರುಮಾಡಿದರು. ನಮ್ಮ ಗ್ಯಾರೇಜುಗಳಲ್ಲಿ 'ಜಾಯಿಂಟ್ ಕ್ರಾಸ್' ಅನ್ನುವುದು ಇದನ್ನೇ.

ಎರಡನೇ ಪ್ರಶ್ನೆ ಇದಕ್ಕೆ ಸೇರಿದ್ದು. ಕ್ರಾಸಿನ ಒಳಗಿನ ಸೂಜಿ ಬೇರಿಂಗುಗಳು ಗ್ರೀಸ್ ಇಲ್ಲದೆ ಸವೆದಾಗ ಅಲ್ಲಿ ಸಡಿಲ ಹುಟ್ಟುತ್ತದೆ. ಶಕ್ತಿಯ ದಿಕ್ಕು ಬದಲಾದಾಗ, ಅಂದರೆ ಗಾಡಿ ಎತ್ತುವಾಗ, ರಿವರ್ಸ್ ಹಾಕುವಾಗ, ಕ್ಲಚ್ ಬಿಡುವಾಗ, ಆ ಸಡಿಲ ಒಮ್ಮೆಗೇ ಮುಚ್ಚಿಕೊಂಡು 'ಟಕ್' ಅನ್ನುತ್ತದೆ. ನಿಧಾನಕ್ಕೆ ಹೋಗುವಾಗ ಇಲಿಮರಿಯಂತೆ 'ಕೀಚ್ ಕೀಚ್' ಅಂದರೂ ಒಣಗಿದ ಕ್ರಾಸ್ ಮೇಲೇ ಕಣ್ಣಿಡಿ. ಒಂದು ವೇಗದಲ್ಲಿ ಮಾತ್ರ ಇಡೀ ಗಾಡಿ ನಡುಗಿದರೆ ಶಾಫ್ಟ್ ಬಾಗಿರಬಹುದು, ತೂಕ ತಪ್ಪಿರಬಹುದು. ಕ್ರೌನ್ ಮತ್ತು ಪಿನಿಯನ್ ಹಲ್ಲುಗಳ ನಡುವೆ ಸಂದು ಹೆಚ್ಚಾದರೂ 'ಟಕ್' ಬರುತ್ತದೆ ನಿಜ. ಆದರೆ ಹೌಸಿಂಗ್ ಬಿಚ್ಚುವ ಮೊದಲು ಕ್ರಾಸ್ ಅಲುಗಾಡಿಸಿ ನೋಡಲು ಎರಡು ನಿಮಿಷ ಸಾಕು, ಖರ್ಚೂ ಇಲ್ಲ.

ಸದ್ದಡಗಿಸಿದ ಹಲ್ಲುಗಳು

ಶಾಫ್ಟ್ ಗಾಡಿಯ ಉದ್ದಕ್ಕೆ ತಿರುಗುತ್ತದೆ, ಚಕ್ರ ಅಡ್ಡಕ್ಕೆ ತಿರುಗಬೇಕು. ಈ ತಿರುವನ್ನು ಮಾಡಿಕೊಡುವುದು ಪಿನಿಯನ್ ಎಂಬ ಚಿಕ್ಕ ಗೇರು ಮತ್ತು ಕ್ರೌನ್ ಎಂಬ ದೊಡ್ಡ ಗೇರು. ಓರೆಯಾಗಿ ಕೂರುವ ಇಂಥ ಹಲ್ಲುಗಳನ್ನು ಕತ್ತರಿಸುವುದು ಬಹಳ ಕಷ್ಟದ ಕೆಲಸ. ಅಮೆರಿಕದ ರೋಚೆಸ್ಟರ್ ಊರಿನ ವಿಲಿಯಂ ಗ್ಲೀಸನ್ 1874ರಲ್ಲಿ ಅದಕ್ಕೊಂದು ಯಂತ್ರ ಮಾಡಿದರು.

ಈ ಯಂತ್ರವನ್ನು ಲೋಕಕ್ಕೆ ಮುಟ್ಟಿಸಿದ್ದು ಅವರ ಮಗಳು ಕೇಟ್ ಗ್ಲೀಸನ್. ಹುಡುಗಿಯಾಗಿದ್ದಾಗಲೇ ಅಪ್ಪನ ಕಾರ್ಖಾನೆಯಲ್ಲಿ ಲೆಕ್ಕ ಬರೆಯಲು ಕೂತವಳು ಆಕೆ. 1884ರಲ್ಲಿ ಎಂಜಿನಿಯರಿಂಗ್ ಓದಲು ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋದರೂ, ಕಾರ್ಖಾನೆಗೆ ಕಷ್ಟ ಬಂದು ಓದು ಬಿಟ್ಟು ಮರಳಬೇಕಾಯಿತು. 1893ರಲ್ಲಿ ಒಬ್ಬರೇ ಯುರೋಪಿಗೆ ಹೋಗಿ ಯಂತ್ರಗಳನ್ನು ಮಾರಿ ಬಂದರು. 1914ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ ಆಕೆಯನ್ನು ಪೂರ್ಣ ಸದಸ್ಯೆಯಾಗಿ ಸೇರಿಸಿಕೊಂಡಿತು. ಆ ಸ್ಥಾನ ಪಡೆದ ಮೊದಲ ಹೆಂಗಸು ಆಕೆಯೇ. ಗ್ಯಾರೇಜ್ ಗಂಡಸರ ಕೆಲಸ ಅನ್ನುವವರಿಗೆ ಈ ಕಥೆ ಹೇಳಿ.

ಆಗಿನ ಹಲ್ಲುಗಳು ನೇರವಾಗಿದ್ದವು. 1908ರಲ್ಲಿ ಬಂದ ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರಿನಲ್ಲೂ ನೇರ ಹಲ್ಲೇ. ಒಂದು ಹಲ್ಲು ಬಿಟ್ಟು ಇನ್ನೊಂದು ಹಿಡಿಯುವಾಗ ಪ್ರತಿಸಲ ಒಂದು ಚಿಕ್ಕ ಏಟು. ವೇಗ ಹೆಚ್ಚಿದಾಗ ಆ ಏಟುಗಳೆಲ್ಲ ಸೇರಿ ಒಂದೇ ಕೂಗಾಗುತ್ತಿತ್ತು. 1913ರಲ್ಲಿ ಗ್ಲೀಸನ್ ಕಾರ್ಖಾನೆ ಹಲ್ಲನ್ನು ಕುಡುಗೋಲಿನಂತೆ ಬಾಗಿಸಿ ಕತ್ತರಿಸುವ ಯಂತ್ರ ತಂದಿತು. ಈಗ ಒಂದು ಹಲ್ಲು ಪೂರ್ತಿ ಬಿಡುವ ಮೊದಲೇ ಮುಂದಿನದು ಮೆಲ್ಲಗೆ ಹಿಡಿದುಕೊಳ್ಳುತ್ತದೆ. ಏಟು ಹೋಯಿತು, ಕೂಗು ತಗ್ಗಿತು.

1920ರ ದಶಕದ ನಡುವೆ ಇನ್ನೊಂದು ಹೆಜ್ಜೆ. ಪಿನಿಯನ್ನನ್ನು ಕ್ರೌನ್ ಗೇರಿನ ನಟ್ಟನಡುವೆ ಇಡದೆ ಸ್ವಲ್ಪ ಕೆಳಗಿಟ್ಟರು. ಇದಕ್ಕೆ ಹೈಪಾಯ್ಡ್ ಗೇರ್ ಎಂದು ಹೆಸರು. ಅಮೆರಿಕದ ಪ್ಯಾಕರ್ಡ್ ಕಾರುಗಳಲ್ಲಿ ಮೊದಲು ಬಂದ ಈ ಗೇರಿನಿಂದ ಶಾಫ್ಟ್ ಕೆಳಗಿಳಿಯಿತು, ಕಾರಿನ ನೆಲವೂ ಇಳಿಯಿತು, ಸದ್ದು ಇನ್ನಷ್ಟು ಅಡಗಿತು. ಇವತ್ತಿನ ಪಿಕಪ್‌ಗಳ ಹೌಸಿಂಗ್ ಒಳಗೆ ಸಾಮಾನ್ಯವಾಗಿ ಇರುವುದು ಇದೇ ಗೇರು.

ಆದರೆ ಈ ಮೌನಕ್ಕೆ ಒಂದು ಷರತ್ತು ಇತ್ತು. ಹೈಪಾಯ್ಡ್ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಜಾರುತ್ತವೆ, ಅದೂ ಭಾರೀ ಒತ್ತಡದಲ್ಲಿ. ಸಾಮಾನ್ಯ ಎಣ್ಣೆಯನ್ನು ಅವು ಒರೆಸಿ ಹಾಕುತ್ತವೆ. ಕಬ್ಬಿಣ ಕಬ್ಬಿಣಕ್ಕೆ ತಾಗಿ ಹಲ್ಲು ಕಿತ್ತುಬರುತ್ತದೆ. ಅದಕ್ಕಾಗಿ ರಸಾಯನ ಬೆರೆಸಿದ ಎಣ್ಣೆ ಬೇಕಾಯಿತು. ಈಗಿನ ಗೇರ್ ಆಯಿಲ್‌ನಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳಿರುತ್ತವೆ. ಹಲ್ಲು ಬಿಸಿಯಾದ ಜಾಗದಲ್ಲಿ ಅವು ಲೋಹದ ಜೊತೆ ಸೇರಿ ತೆಳ್ಳಗಿನ ಪೊರೆ ಕಟ್ಟುತ್ತವೆ. ಹೌಸಿಂಗ್ ಎಣ್ಣೆಯ ಆ ಘಾಟು ವಾಸನೆ ಗಂಧಕದ್ದು. ಡಬ್ಬಿಯ ಮೇಲೆ ಜಿಎಲ್-4, ಜಿಎಲ್-5 ಅಂತ ಬರೆದಿರುವುದು ಎಣ್ಣೆಯ ಈ ಶಕ್ತಿಯನ್ನು. 'ಯಾವುದೋ ಒಂದು 90 ನಂಬರ್ ಹಾಕು' ಅನ್ನುವ ಮಾತು ಹೈಪಾಯ್ಡ್ ಗೇರಿನ ಹತ್ತಿರ ನಡೆಯುವುದಿಲ್ಲ. ಗಾಡಿಯ ಕೈಪಿಡಿಯಲ್ಲಿ ಏನಿದೆಯೋ ಅದೇ ಬೇಕು.

ಇದು ಮೂರನೇ ಪ್ರಶ್ನೆಯ ಜಾಗ. ಗೇರಿನ ಹಲ್ಲಿಗೆ ಎರಡು ಮುಖ. ಆಕ್ಸಿಲರೇಟರ್ ಒತ್ತಿದಾಗ ಒಂದು ಮುಖದ ಮೇಲೆ ಭಾರ, ಕಾಲು ತೆಗೆದಾಗ ಇನ್ನೊಂದು ಮುಖದ ಮೇಲೆ. ಹಾಗಾಗಿ ಹಲ್ಲಿನ ಕೂಗು ಕಾಲಿನ ಜೊತೆ ಬದಲಾಗುತ್ತದೆ. ಎಳೆಯುವಾಗ ಮಾತ್ರ ಸಣ್ಣ ದನಿಯಲ್ಲಿ ಊಳಿಟ್ಟು ಕಾಲು ತೆಗೆದಾಗ ಅಡಗಿದರೆ, ಅಥವಾ ಅದರ ತಿರುಗುಮುರುಗಾದರೆ, ಕ್ರೌನ್ ಪಿನಿಯನ್ ಅಥವಾ ಪಿನಿಯನ್ ಬೇರಿಂಗಿನ ಬಿಗಿಯನ್ನು ಅನುಮಾನಿಸಬಹುದು. ಕಾಲಿಗೂ ಕೂಗಿಗೂ ಸಂಬಂಧವೇ ಇಲ್ಲದಿದ್ದರೆ ಹಲ್ಲಿನ ಮೇಲೆ ತಪ್ಪು ಹೊರಿಸುವ ಮೊದಲು ಇನ್ನೊಮ್ಮೆ ಯೋಚಿಸಿ.

ಒಂದು ಹಲ್ಲು ಮಾತ್ರ ಚೂರಾಗಿದ್ದರೆ ಕೂಗಲ್ಲ, ಎಣಿಸಬಹುದಾದ 'ಟಕ್ ಟಕ್' ಬರುತ್ತದೆ. ಮಾಡೆಲ್ ಟಿ ಕಾರಿನಲ್ಲಿ ಕ್ರೌನಿಗೆ 40 ಹಲ್ಲು, ಪಿನಿಯನ್ನಿಗೆ 11. ಚಕ್ರ ಒಂದು ಸುತ್ತು ಬಂದರೆ ಪಿನಿಯನ್ ಮೂರೂವರೆ ಸುತ್ತಿಗಿಂತ ಸ್ವಲ್ಪ ಹೆಚ್ಚು ಬರುತ್ತದೆ. ಚಕ್ರದ ಒಂದು ಸುತ್ತಿಗೆ ಒಂದೇ 'ಟಕ್' ಅಂದರೆ ಕ್ರೌನ್ ಕಡೆ ನೋಡಬೇಕು, ಮೂರು ನಾಲ್ಕು ಸಲ ಅಂದರೆ ಪಿನಿಯನ್ ಕಡೆ.

40 ಮತ್ತು 11 ಎಂಬ ಲೆಕ್ಕದಲ್ಲೂ ಒಂದು ಜಾಣತನ ಇದೆ. ಎರಡನ್ನೂ ಭಾಗಿಸುವ ಸಂಖ್ಯೆ ಇಲ್ಲ. ಹಾಗಾಗಿ ಪಿನಿಯನ್ನಿನ ಒಂದು ಹಲ್ಲು ಕ್ರೌನಿನ ನಲವತ್ತೂ ಹಲ್ಲುಗಳನ್ನು ಮುಟ್ಟಿ ಬಂದ ಮೇಲೇ ಮೊದಲಿನದನ್ನು ಮತ್ತೆ ಮುಟ್ಟುತ್ತದೆ. ಸವೆತ ಎಲ್ಲರಿಗೂ ಸಮನಾಗಿ ಹಂಚಿಕೆಯಾಗುತ್ತದೆ. ಮೋಟಾರು ಹುಟ್ಟುವ ಎಷ್ಟೋ ಮೊದಲು, ಹಿಟ್ಟಿನ ಗಿರಣಿಗಳ ಮರದ ಹಲ್ಲುಚಕ್ರ ಮಾಡುತ್ತಿದ್ದ ಯುರೋಪಿನ ಬಡಗಿಗಳು ಕಂಡುಕೊಂಡ ಉಪಾಯ ಇದು. ಕಾರ್ಖಾನೆಯಲ್ಲಿ ಕ್ರೌನನ್ನೂ ಪಿನಿಯನ್ನನ್ನೂ ಒಂದಕ್ಕೊಂದು ಉಜ್ಜಿ ಜೋಡಿ ಮಾಡುತ್ತಾರೆ. ಅದಕ್ಕೇ ಅವನ್ನು ಜೋಡಿಯಾಗಿಯೇ ಬದಲಿಸಬೇಕು. ಹಳೇ ಕ್ರೌನಿಗೆ ಹೊಸ ಪಿನಿಯನ್ ಹಾಕಿದರೆ ಕೂಗು ಕೊಂಡು ತಂದಂತೆ.

ಭಾರ ಹೊರುವ ಉರುಳೆಗಳು

ಅಚ್ಚಿನ ಕಥೆಯಲ್ಲಿ ನಮ್ಮ ಎತ್ತಿನ ಗಾಡಿಗೆ ಬಹಳ ಹತ್ತಿರದ ಮನುಷ್ಯ ಹೆನ್ರಿ ಟಿಮ್ಕನ್. ಅಮೆರಿಕದ ಸೇಂಟ್ ಲೂಯಿಯಲ್ಲಿ ಕುದುರೆ ಗಾಡಿ ಮಾಡುತ್ತಿದ್ದವರು. ಗಾಡಿ ತಿರುಗುವಾಗ ಚಕ್ರದ ಮೇಲೆ ಮೇಲಿನಿಂದ ಬೀಳುವ ಭಾರದ ಜೊತೆಗೆ ಪಕ್ಕದಿಂದಲೂ ಒತ್ತಡ ಬೀಳುತ್ತದೆ. ಈ ಎರಡನ್ನೂ ಒಟ್ಟಿಗೆ ತಡೆಯಲು ಅವರು ಒಂದು ತುದಿ ದಪ್ಪ, ಒಂದು ತುದಿ ಸಣ್ಣ ಇರುವ ಉರುಳೆಗಳನ್ನು ಓರೆಯಾಗಿ ಜೋಡಿಸಿದ ಬೇರಿಂಗ್ ಮಾಡಿದರು. ಪೇಟೆಂಟ್ ಸಿಕ್ಕಿದ್ದು 1898ರಲ್ಲಿ. ಕುದುರೆ ಗಾಡಿಗೆಂದು ಹುಟ್ಟಿದ ಆ ಬೇರಿಂಗ್ ಇವತ್ತು ಪಿನಿಯನ್ನಿನ ಹಿಂದೆ, ಡಿಫರೆನ್ಷಿಯಲ್ಲಿನ ಎರಡೂ ಬದಿ, ಎಷ್ಟೋ ಗಾಡಿಗಳ ಚಕ್ರದ ಹಬ್ಬಿನಲ್ಲೂ ಕೂತಿದೆ.

ಬೇರಿಂಗ್ ಸದ್ದು ಮಾಡುವುದು ಅದರ ನುಣುಪು ಕೆಟ್ಟಾಗ. 1900ರಲ್ಲಿ ಸ್ವೀಡನ್ನಿನ ಎಂಜಿನಿಯರ್ ಯೂಹಾನ್ ಬ್ರಿನೆಲ್ ಲೋಹದ ಗಟ್ಟಿತನ ಅಳೆಯಲು ಉಕ್ಕಿನ ಗುಂಡನ್ನು ಒತ್ತಿ ಕುಳಿ ನೋಡುವ ಪರೀಕ್ಷೆ ಕಂಡುಹಿಡಿದರು. ಮಿತಿ ಮೀರಿದ ಲೋಡು ಹಾಕಿ ಗುಂಡಿಗೆ ಚಕ್ರ ಇಳಿಸಿದಾಗ ಬೇರಿಂಗಿನ ಬಳೆಯಲ್ಲಿ ಬೀಳುವ ಕುಳಿಗೆ ಎಂಜಿನಿಯರುಗಳು ಇವತ್ತೂ ಆತನ ಹೆಸರನ್ನೇ ಬಳಸುತ್ತಾರೆ.

ಇದಕ್ಕೆ ಸೇರಿದ ಒಂದು ಪತ್ತೇದಾರಿ ಕಥೆ ಇದೆ. ಅಮೆರಿಕದ ಡೆಟ್ರಾಯಿಟ್‌ನಿಂದ ರೈಲಿನಲ್ಲಿ ದೂರದ ಊರುಗಳಿಗೆ ಕಳಿಸಿದ ಹೊಚ್ಚ ಹೊಸ ಕಾರುಗಳ ಚಕ್ರದ ಬೇರಿಂಗುಗಳು ಇಳಿಸುವ ಹೊತ್ತಿಗೇ ಹಾಳಾಗಿರುತ್ತಿದ್ದವು. ಓಡದ ಕಾರಿನ ಬೇರಿಂಗ್ ಸವೆದದ್ದು ಹೇಗೆ? ಜನರಲ್ ಮೋಟಾರ್ಸ್‌ನ ಜಾನ್ ಆಲ್ಮೆನ್ 1937ರಲ್ಲಿ ಇದನ್ನು ವಿವರಿಸಿದರು. ರೈಲಿನ ನಡುಕದಿಂದ, ತಿರುಗದೆ ನಿಂತ ಉರುಳೆ ಒಂದೇ ಜಾಗದಲ್ಲಿ ಸಣ್ಣಗೆ ಅಲುಗುತ್ತಾ, ಗ್ರೀಸನ್ನು ಹೊರಗೆ ತಳ್ಳಿ ಬಳೆಯನ್ನು ಕೊರೆದಿತ್ತು. ಕೂಗಿನ ಕಾರಣ ಅದು ಹುಟ್ಟಿದ ಜಾಗದಲ್ಲೇ ಇರಬೇಕಿಲ್ಲ, ಗಾಡಿ ಕಳೆದ ದಿನಗಳಲ್ಲೂ ಇರಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ನಾಲ್ಕನೇ ಪ್ರಶ್ನೆ ಬೇರಿಂಗಿನದು. ಹಬ್ ಬೇರಿಂಗ್ ಚಕ್ರದ ಜೊತೆ ತಿರುಗುತ್ತದೆ, ಎಂಜಿನ್ ಎಳೆಯುತ್ತಿದೆಯೋ ಇಲ್ಲವೋ ಅದಕ್ಕೆ ಬೇಕಿಲ್ಲ. ಅದರ ಕೂಗು ದಪ್ಪ ದನಿಯದು, ಗಾಡಿಯ ವೇಗದ ಜೊತೆ ಏರಿಳಿಯುತ್ತದೆ, ಕಾಲು ತೆಗೆದರೂ ನಿಲ್ಲುವುದಿಲ್ಲ. ಗಾಡಿಯನ್ನು ಎಡಕ್ಕೆ ತಿರುಗಿಸಿದಾಗ ಭಾರ ಬಲಚಕ್ರದ ಮೇಲೆ ಬೀಳುತ್ತದೆ. ಆಗ ಸದ್ದು ಹೆಚ್ಚಾದರೆ ಸಾಮಾನ್ಯವಾಗಿ ಬಲಗಡೆ ಬೇರಿಂಗು, ಬಲಕ್ಕೆ ತಿರುಗಿಸಿದಾಗ ಹೆಚ್ಚಾದರೆ ಎಡಗಡೆಯದು.

ಪಿಕಪ್ ಹುಟ್ಟಿದ್ದು, ನಮ್ಮಲ್ಲಿಗೆ ಬಂದದ್ದು

ಕಾರ್ಖಾನೆಯಿಂದಲೇ ಪಿಕಪ್ ಅಂತ ಹೆಸರಿಟ್ಟು ಹೊರಬಂದ ಮೊದಲ ಗಾಡಿಗಳಲ್ಲಿ ಫೋರ್ಡ್ ಕಂಪನಿಯದು ಹೆಸರಾದದ್ದು. 1925ರಲ್ಲಿ ಮಾಡೆಲ್ ಟಿ ಕಾರಿನ ಹಿಂದೆ ಕಬ್ಬಿಣದ ಪೆಟ್ಟಿಗೆ ಕೂರಿಸಿ 281 ಡಾಲರಿಗೆ ಮಾರಿದರು. ಅದಕ್ಕೂ ಮುಂಚೆ ಅಮೆರಿಕದ ರೈತರು ತಾವೇ ಕಾರಿನ ಹಿಂಭಾಗ ಕತ್ತರಿಸಿ ಹಲಗೆ ಹೊಡೆದು ಕಾಳು ಸಾಗಿಸುತ್ತಿದ್ದರು. ಅಂದರೆ ಪಿಕಪ್ ಬೇಕೆಂದು ಮೊದಲು ತೋರಿಸಿಕೊಟ್ಟವರು ಹೊಲದವರು. ಹಿಂದಿನ ಅಚ್ಚಿನ ಕಷ್ಟವೂ ಅಲ್ಲಿಂದಲೇ ಶುರು. ಜನ ಕೂರಲು ಮಾಡಿದ ಅಚ್ಚಿನ ಮೇಲೆ ಮೂಟೆ ಬಿತ್ತು.

ನಮ್ಮ ದೇಶಕ್ಕೆ ಈ ಅಚ್ಚು ಬಂದದ್ದು ಮುಖ್ಯವಾಗಿ ಎರಡು ದಾರಿಯಲ್ಲಿ. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿ ಮುಂಬೈಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸಲು ಶುರುಮಾಡಿತು. ಯುದ್ಧಕಾಲದ ವಿಲ್ಲೀಸ್ ಜೀಪಿನ ಅಚ್ಚುಗಳು ಅದೇ ಸ್ಪೈಸರ್ ಕಂಪನಿಯವು. 1954ರಲ್ಲಿ ಟಾಟಾ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಜಮ್‌ಶೆಡ್‌ಪುರದಲ್ಲಿ ಲಾರಿ ಮಾಡತೊಡಗಿತು. ಕರ್ನಾಟಕಕ್ಕೂ ಇದರಲ್ಲಿ ಪಾಲಿದೆ. ಮೈಸೂರಿನಲ್ಲಿ 1981ರಲ್ಲಿ ಶುರುವಾದ ಆಟೋಮೋಟಿವ್ ಆಕ್ಸಲ್ಸ್ ಕಂಪನಿ ಲಾರಿ, ಬಸ್ಸುಗಳಿಗೆ ಹಿಂದಿನ ಅಚ್ಚು ಮಾಡುತ್ತದೆ. 2005ರಲ್ಲಿ ಟಾಟಾ ಏಸ್ ಬಂದ ಮೇಲಂತೂ ಸಣ್ಣ ಊರುಗಳಲ್ಲೂ ನಾಲ್ಕು ಚಕ್ರದ ಸರಕು ಗಾಡಿ ಮನೆಮಾತಾಯಿತು.

ಗಾಡಿ ಬಂದಷ್ಟು ಬೇಗ ತರಬೇತಿ ಬರಲಿಲ್ಲ. ನಮ್ಮ ಮೇಸ್ತ್ರಿಗಳಲ್ಲಿ ಹೆಚ್ಚಿನವರು ಕಲಿತದ್ದು ಚಿಕ್ಕ ವಯಸ್ಸಿನಲ್ಲಿ ಇನ್ನೊಬ್ಬ ಮೇಸ್ತ್ರಿಯ ಕೈಕೆಳಗೆ, ಕಿವಿಯಿಂದ. ಉದ್ದನೆ ಸ್ಕ್ರೂ ಡ್ರೈವರಿನ ತುದಿಯನ್ನು ಹೌಸಿಂಗಿಗೆ ಒತ್ತಿ ಹಿಡಿಯನ್ನು ಕಿವಿಗಿಟ್ಟು ಕೇಳುವುದನ್ನು ನೀವು ನೋಡಿರುತ್ತೀರಿ. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್ ಕಾಗದ ಸುತ್ತಿ ಕೊಳವೆ ಮಾಡಿ ರೋಗಿಯ ಎದೆಬಡಿತ ಕೇಳಿದರಲ್ಲ, ಸ್ಟೆತಸ್ಕೋಪ್ ಹುಟ್ಟಿದ್ದು ಹಾಗೆ. ಸ್ಕ್ರೂ ಡ್ರೈವರ್ ಮಾಡುವುದೂ ಅದೇ ಕೆಲಸ.

ಗ್ಯಾರೇಜಿಗೆ ಹೋಗುವ ಮೊದಲು

ಎಲ್ಲಕ್ಕಿಂತ ಮೊದಲು ಟಯರ್ ನೋಡಿ. ಏರುಪೇರಾಗಿ ಸವೆದ ಟಯರ್ ಥೇಟ್ ಬೇರಿಂಗಿನಂತೆ ಕೂಗುತ್ತದೆ. ಟಾರು ರಸ್ತೆಯಿಂದ ಮಣ್ಣು ರಸ್ತೆಗೋ ಕಾಂಕ್ರೀಟಿಗೋ ಇಳಿದಾಗ ಸದ್ದು ಬದಲಾದರೆ ಅದು ಟಯರಿನದು. ಅಚ್ಚಿನ ಸದ್ದಿಗೆ ರಸ್ತೆ ಯಾವುದಾದರೂ ಒಂದೇ.

ಆಮೇಲೆ ಎಣ್ಣೆ. ಮಟ್ಟ ನೋಡುವ ಬಿರಡೆ ತೆಗೆಸಿ. ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಬೆರಳಿಗೆ ಮಿನುಗುವ ಪುಡಿ ತಾಕಿದರೆ ಲೋಹ ಸವೆಯುತ್ತಿದೆ, ಚೂರು ಸಿಕ್ಕರೆ ಗಾಡಿ ನಿಲ್ಲಿಸಿ. ಹೌಸಿಂಗ್ ಮೇಲೆ ಗಾಳಿಯಾಡಲು ಒಂದು ಪುಟ್ಟ ಕಿಂಡಿ ಇರುತ್ತದೆ. ಕೆಸರಿನಿಂದ ಅದು ಕಟ್ಟಿಕೊಂಡರೆ ಒಳಗಿನ ಬಿಸಿಗಾಳಿ ಸೀಲುಗಳಿಂದ ಎಣ್ಣೆಯನ್ನು ಹೊರಗೆ ತಳ್ಳುತ್ತದೆ.

ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರಿಗೆ ಒಂದು ಮಾತು. ಸವೆದ ಗೇರಿನ ಕೂಗು ಮುಚ್ಚಲು ಎಣ್ಣೆಗೆ ಮರದ ಹೊಟ್ಟು ಬೆರೆಸುವುದು ಹಳೇ ಕಾರು ವ್ಯಾಪಾರಿಗಳ ಕುಖ್ಯಾತ ಉಪಾಯ. ಮೌನವಾಗಿರುವ ಹಳೇ ಗಾಡಿಯ ಎಣ್ಣೆಯನ್ನೂ ಬೆರಳಿಂದ ಮುಟ್ಟಿ ನೋಡಿ.

ಇನ್ನೊಂದು ಎಚ್ಚರಿಕೆ. ಬರೀ ಜ್ಯಾಕ್ ನಂಬಿ ಗಾಡಿ ಕೆಳಗೆ ತೂರಬೇಡಿ. ಒಂದೇ ಚಕ್ರ ಎತ್ತಿ ಎಂಜಿನ್ ಓಡಿಸಿ ಸದ್ದು ಕೇಳುವ ಸಾಹಸವೂ ಬೇಡ. ನೆಲಕ್ಕೆ ತಾಗಿದ ಚಕ್ರ ನಿಂತಿದ್ದರೆ, ಎತ್ತಿದ ಚಕ್ರ ಡಿಫರೆನ್ಷಿಯಲ್ ಲೆಕ್ಕದಲ್ಲಿ ಎರಡರಷ್ಟು ವೇಗದಲ್ಲಿ ತಿರುಗುತ್ತದೆ. ಜ್ಯಾಕ್ ಜಾರಿದರೆ ಗಾಡಿ ಹಾರುತ್ತದೆ.

ಚಿಕ್ಕಪ್ಪನ ಉತ್ತರ

ಮತ್ತೆ ಹುಣಸೆ ಮರದ ಕೆಳಗೆ. ಪೂರ್ತಿ ತಿರುಗಿಸಿದಾಗ ಮಾತ್ರ ಸದ್ದಾ? 'ಇಲ್ಲಣ್ಣ, ನೇರ ರೋಡಲ್ಲೂ ಐತೆ.' ಟಕ್ ಅಂತದಾ? 'ಇಲ್ಲ.' ಕಾಲು ತೆಗೆದ್ರೆ? 'ಹಂಗೇ ಐತೆ, ಒಂದು ಚೂರೂ ಬದಲಾಗಲ್ಲ.' ವಾಲಿಸಿದ್ರೆ? ಚಿಕ್ಕಪ್ಪ ಸ್ವಲ್ಪ ಯೋಚಿಸಿ, 'ಎಡಕ್ಕೆ ತಿರುಗೋವಾಗ ಜಾಸ್ತಿ' ಅಂದರು.

ಮೇಸ್ತ್ರಿ ಬಲಗಡೆ ಹಿಂಚಕ್ರ ಮಾತ್ರ ಬಿಚ್ಚಿದರು. ಬೇರಿಂಗಿನ ಉರುಳೆಗಳ ಮೇಲೆ ಸಿಡುಬಿನ ಕಲೆಯಂತೆ ಕುಳಿ. ಗ್ರೀಸ್ ಕೆಸರು ಬಣ್ಣಕ್ಕೆ ತಿರುಗಿತ್ತು. 'ನೀರಲ್ಲಿ ಇಳಿಸಿದ್ರಾ?' ಅಂದರು. ಆ ವರ್ಷ ಮಳೆ ಚೆನ್ನಾಗಿತ್ತು, ನಮ್ಮೂರ ಕೆರೆ ಕೋಡಿ ಬಿದ್ದು ವಾರಗಟ್ಟಲೆ ರಸ್ತೆ ಮೇಲೆ ನೀರು ಹರಿದಿತ್ತು. ಲೋಡು ಹೊತ್ತು ಓಡಿ ಬಿಸಿಯಾದ ಹಬ್ಬು ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸವೆದ ಸೀಲಿನಿಂದ ನೀರನ್ನು ಒಳಗೆಳೆದುಕೊಂಡಿತ್ತು. ಬೇರಿಂಗ್, ಸೀಲು, ಗ್ರೀಸ್ ಎಲ್ಲ ಸೇರಿದರೂ ಖರ್ಚು ಕ್ರೌನ್ ಪಿನಿಯನ್ ಸೆಟ್ಟಿನ ಹತ್ತಿರಕ್ಕೂ ಬರಲಿಲ್ಲ.

ಮೊದಲ ಗ್ಯಾರೇಜಿನವರು ಕೆಟ್ಟವರಲ್ಲ. ಅಂದು ಅಲ್ಲಿ ಆರು ಗಾಡಿ ಸಾಲಾಗಿ ನಿಂತಿದ್ದವು, ಓಡಿಸಿ ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ. ನಮಗೂ 'ಒಂದು ರೌಂಡ್ ಹೋಗಿಬನ್ನಿ, ನಾನೂ ಪಕ್ಕದಲ್ಲಿ ಕೂರ್ತೀನಿ' ಅಂತ ಕೇಳಲು ತಿಳಿಯಲಿಲ್ಲ. ನಿಮ್ಮ ಗಾಡಿ ಕೂಗಿದರೆ ಹಾಗೆ ಕೇಳಿ. ದಿನವೂ ಓಡಿಸುವ ನಿಮಗೆ ಆ ಸದ್ದಿನ ಬಗ್ಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಬಿಚ್ಚಿ ಕೊಟ್ಟ ಹಳೇ ಕ್ರೌನ್ ಇವತ್ತೂ ನಮ್ಮ ಚಿಕ್ಕಪ್ಪನ ಮನೆಯಲ್ಲಿದೆ. ಗಾಳಿಗೆ ಬಾಗಿಲು ಹೊಡೆದುಕೊಳ್ಳದಂತೆ ಚಿಕ್ಕಮ್ಮ ಅದನ್ನು ಒತ್ತಿಗೆ ಇಟ್ಟಿದ್ದಾರೆ. ಹೋದಾಗಲೆಲ್ಲ ಬಗ್ಗಿ ನೋಡುತ್ತೇನೆ. ಬಾಗಿದ ಹಲ್ಲುಗಳು ಒಂದೂ ಮುಕ್ಕಾಗಿಲ್ಲ, ಈಗಲೂ ನುಣ್ಣಗೆ ಹೊಳೆಯುತ್ತವೆ.